ರಜೆಯಲ್ಲಿ ಬಂದಿದ್ದೇನೆ ಅಂತ ಹೇಳಿದವರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು. ವಯಸ್ಸು 44, ಮನೆ ಉಡುಪಿ ಹತ್ತಿರ. ವರ್ಷಗಟ್ಟಲೆ ಗಲ್ಫ್‌ನಲ್ಲಿ ದುಡಿದವರು. ಕಂಪೆನಿಯವರು ಜನ ಕಡಿಮೆ ಮಾಡಿದಾಗ ಕೆಲಸ ಹೋಯಿತು. ಮನೆಯಲ್ಲಿ ಮಾತ್ರ ‘ರಜೆ’ ಅಂದಿದ್ದರು. ನಿದ್ದೆ ಇಲ್ಲ, ಎದೆಯುರಿ, ಯಾರು ಮಾತಾಡಿಸಿದರೂ ಸಿಡುಕು.

ಫೋನನ್ನು ಮೇಜಿನ ಮೇಲೆ ಕವುಚಿಟ್ಟು ಕೂತಿದ್ದರು. ಅದು ಗುಂಯ್ ಅಂದಾಗಲೆಲ್ಲ ಮಾತು ನಿಲ್ಲುತ್ತಿತ್ತು. ಲೋನ್ ಆ್ಯಪ್‌ನವರ ಕಾಲ್. ಒಂದು ಆ್ಯಪ್‌ನ ಸಾಲ ತೀರಿಸಲು ಇನ್ನೊಂದು ಆ್ಯಪ್. ಹೆಂಡತಿಯ ಬಳೆ ಖಾಸಗಿ ಫೈನಾನ್ಸ್‌ನಲ್ಲಿ ಅಡವು, ಆಕೆ ಮಾತ್ರ ಲಾಕರ್‌ನಲ್ಲಿದೆ ಅಂದುಕೊಂಡಿದ್ದಾರೆ. ಇಷ್ಟರ ನಡುವೆ ಊರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ 25,000 ರೂಪಾಯಿ ದೇಣಿಗೆ ಬರೆಸಿದ್ದರು!

“ರಶೀದಿ ಪುಸ್ತಕ ಮೊದಲು ನಮ್ಮ ಮನೆಗೇ ಬರ್ತದೆ ಮೇಡಂ. ಇಲ್ಲ ಅನ್ನೋದು ಹೇಗೆ?”

ನಮ್ಮ ಕರಾವಳಿಯಲ್ಲಿ ಗಲ್ಫಿನವರ ಕಷ್ಟವೇ ಇದು. ಊರಿಗೆ ಬರುವಾಗ ಕೈತುಂಬ ಕೊಟ್ಟು ಅಭ್ಯಾಸ ಮಾಡಿಸಿರುತ್ತಾರೆ, ಆಮೇಲೆ ಕೈ ಖಾಲಿ ಅನ್ನಲು ನಾಲಿಗೆ ಏಳುವುದಿಲ್ಲ.

ಸಾಯುವ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳಿದೆ. “ಒಮ್ಮೆ ಬಂದಿತ್ತು” ಅಂದರು. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಅನ್ನು ಫೋನಿನಲ್ಲಿ ಸೇವ್ ಮಾಡಿಸಿದೆ.

ದುಡ್ಡಿನ ಲೆಕ್ಕ ಆಮೇಲೆ, ಮೊದಲು ಹೆಂಡತಿಗೆ ಹೇಳಿ ಅಂದೆ. ಯಾರಿಗೆ ಯಾವ ಸುಳ್ಳು ಹೇಳಿದ್ದೇನೆ ಅಂತ ನೆನಪಿಟ್ಟುಕೊಳ್ಳುವ ಕೆಲಸವೇ ಅವರ ಅರ್ಧ ನಿದ್ದೆ ತಿಂದಿತ್ತು. ಮನೆಯಲ್ಲಿ ಧೈರ್ಯ ಬರಲಿಲ್ಲ, ಇಲ್ಲಿಗೇ ಕರೆದುಕೊಂಡು ಬಂದರು. ಆಕೆ ಅತ್ತರು. “ಬಳೆ ಹೋದ್ರೆ ಹೋಗ್ಲಿ, ರಜೆ ಅಂತ ಯಾಕೆ ಹೇಳಿದ್ರಿ?” ಅಂದರು. ಸ್ವಲ್ಪ ಹೊತ್ತಾದ ಮೇಲೆ ಪೆನ್ನು ಕೇಳಿ ಸಾಲಗಳನ್ನು ಬರೆಯತೊಡಗಿದವರೂ ಅವರೇ.

ಹೊಸ ಸಾಲ ಆ್ಯಪ್‌ನಿಂದ ಬೇಡವೇ ಬೇಡ ಅಂದೆ. ಬಳೆಯ ಸಾಲವನ್ನು ಕಡಿಮೆ ಬಡ್ಡಿಗೆ ಬ್ಯಾಂಕಿಗೆ ಬದಲಿಸಲು ಆಗುತ್ತದಾ ಅಂತ ವಿಚಾರಿಸಬೇಕು. ಮನೆ ಸಾಲದ ಕಂತು ತಪ್ಪುವ ಮೊದಲೇ ಮ್ಯಾನೇಜರನ್ನು ಕಂಡು ಅವಧಿ ಹೆಚ್ಚಿಸಿಕೊಡಿ ಅಂತ ಕೇಳಬೇಕು. ತಪ್ಪಿದ ಮೇಲೆ ಹೋದರೆ ಮಾತೇ ಬೇರೆಯಾಗುತ್ತದೆ.

ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕಾಲ್ ಮಾಡುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವಂತೆಯೂ ಇಲ್ಲ. ಇದು ಇವರಿಗೆ ಗೊತ್ತೇ ಇರಲಿಲ್ಲ. ಬೆದರಿಕೆ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ, ನಕಲಿ ಆ್ಯಪ್ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ ಅಂದೆ. ಲೆಕ್ಕ ನೋಡುವುದು ಭಾನುವಾರ ಸಂಜೆ, ಇಬ್ಬರೂ ಸೇರಿ. ರಾತ್ರಿ ಹಾಸಿಗೆಯಲ್ಲಿ ಸುಮ್ನೆ ಬ್ಯಾಲೆನ್ಸ್ ನೋಡುವುದು ಬಂದ್.

ದೇವಸ್ಥಾನದ ಸಮಿತಿಯವರಿಗೆ “ಈಗ 2,000 ಮಾತ್ರ ಆಗ್ತದೆ” ಅಂದರಂತೆ. ಅವರು ಏನೂ ಕೇಳದೆ ರಶೀದಿ ಹರಿದುಕೊಟ್ಟರಂತೆ. ಈಗ ಪರಿಚಯದವರ ಅಂಗಡಿಯಲ್ಲಿ ಕೆಲಸ, ಸಂಬಳ ಕಡಿಮೆ. ಒಂದು ಆ್ಯಪ್‌ನ ಸಾಲ ಮುಗಿದಿದೆ, ಉಳಿದದ್ದು ಬಾಕಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಸಲ ಬಂದಾಗ ಅದರ ಬಗ್ಗೆ ಮಾತಾಡುವುದಿದೆ.