ಬರೀ ಒಲೆಯನ್ನು ಬೈದರೆ ಹೇಗೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: 'ನಾಲ್ಕು ದೇಶಗಳಲ್ಲಿ ಬಸುರಿಯರಿಗೆ ಗ್ಯಾಸ್ ಒಲೆ ಕೊಟ್ಟರೂ ಮಕ್ಕಳ ತೂಕ ಹೆಚ್ಚಲಿಲ್ಲವಂತೆ. ಅಂದಮೇಲೆ ಹೊಗೆಗೆ ಸುಮ್ನೆ ಹೆದರಿಸುತ್ತೀರಿ, ಅಲ್ವಾ? ನಮ್ಮವ್ವ ಒಲೆ ಊದುತ್ತಲೇ ಆರು ಮಕ್ಕಳನ್ನು ಹಡೆದಳು.'

ಅವ್ವನಿಗೆ ನನ್ನ ನಮಸ್ಕಾರ ಹೇಳಿ. ನೀವು ಓದಿದ್ದು ಸರಿ. 2022ರಲ್ಲಿ ಬಂದ ಫಲಿತಾಂಶ ಅದು. ನಮ್ಮ ತಮಿಳುನಾಡಿನವರೂ ಸೇರಿ 3,200 ಬಸುರಿಯರು. ಗ್ಯಾಸ್ ಸಿಕ್ಕವರು ಉಸಿರಾಡುವ ಸಣ್ಣ ದೂಳು ಮೂರನೇ ಒಂದು ಪಾಲಿಗೆ ಇಳಿಯಿತು, ಮಗುವಿನ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಆದರೆ ಕೆಲವರ ಮನೆಗೆ ಗ್ಯಾಸ್ ಬರುವಷ್ಟರಲ್ಲಿ ಐದನೇ ತಿಂಗಳು ನಡೆದಿತ್ತು, ಅದನ್ನು ನೀವು ಬರೆಯಲಿಲ್ಲ. ಇನ್ನು, ತೆಗೆದದ್ದು ಒಲೆಯೊಂದನ್ನೇ. ಉಳಿದವು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಒಬ್ಬ ಹುಡುಗಿಯನ್ನು ಕಂಡಿದ್ದೆ. ಏಳು ತಿಂಗಳು. ಮೂಗಿಗೆ ಸೆರಗು ಕಟ್ಟಿದ್ದಳು. ಸೀನು ಬಂದಾಗಲೆಲ್ಲ ಎಡಗೈ ಹೊಟ್ಟೆಗೆ ಹೋಗುತ್ತಿತ್ತು. ಮನೆಗೆ ಹೋದರೆ ಗಂಡ ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆದು ಬಂದ ಅಂಗಿ ಒಗೆಯಬೇಕು, ಆಮೇಲೆ ಕಟ್ಟಿಗೆ ಒಲೆ, ಕುಡಿಯಲು ಬೋರ್ ನೀರು. 'ತ್ರಾಸ ಆಗಂಗಿಲ್ಲೇನವ್ವಾ?' ಅಂದೆ. 'ಮನ್ಯಾಗ ಕುಂತ್ರ ಪಗಾರ ಯಾರು ಕೊಡ್ತಾರ್ರಿ?' ಅಂದಳು.

ಇಷ್ಟನ್ನೂ ಕೂಡಿಸಿ ನೋಡಬೇಕು ಎಂದು 2005ರಲ್ಲೇ ಕ್ರಿಸ್ಟೋಫರ್ ವೈಲ್ಡ್ ಎಂಬ ವಿಜ್ಞಾನಿ ಬರೆದರು. ಗರ್ಭ ಕಟ್ಟಿದಂದಿನಿಂದ ಮೈಗೆ ತಾಕುವ ಎಲ್ಲದಕ್ಕೂ 'ಎಕ್ಸ್‌ಪೋಸೋಮ್' ಎಂದು ಹೆಸರಿಟ್ಟರು. ಯುರೋಪಿನ ಆರು ದೇಶಗಳಲ್ಲಿ 'ಹೆಲಿಕ್ಸ್' ಯೋಜನೆಯವರು ಸುಮಾರು 1,300 ತಾಯಿ-ಮಕ್ಕಳ ಗಾಳಿ, ಗದ್ದಲ, ರಾಸಾಯನಿಕ ಎಲ್ಲವನ್ನೂ ಒಟ್ಟಿಗೇ ಅಳೆದರು. ಒಂದೊಂದೂ ಅಪಾಯವಿಲ್ಲ ಎನ್ನುವ ಮಿತಿಯೊಳಗೇ ಇರಬಹುದು. ಒಂದೇ ಬಗೆಯಲ್ಲಿ ಕೆಲಸ ಮಾಡುವ ವಿಷಗಳು ಮೈಯೊಳಗೆ ಕೂಡಿಕೊಂಡರೆ ಮಿತಿಯ ಮಾತೆಲ್ಲಿ ಉಳಿಯಿತು? ಹೀಗೆ ಕೂಡಿಸಿದರೆ ತಪ್ಪು ಯಾವುದರದ್ದು ಎಂದು ಬೆರಳು ತೋರಿಸುವುದು ಕಷ್ಟ, ಒಪ್ಪಿದೆ. ಕಷ್ಟ ಅಂತ ಬಿಡೋಕಾಗುತ್ತಾ?

ನಮ್ಮಲ್ಲಿ ಕೂಡಿಸುವವರೇ ಇಲ್ಲ. ಮುಂಡರಗಿ ಕಡೆ ಬೋರ್ ನೀರಿನ ಫ್ಲೋರೈಡ್ ಒಂದು ಇಲಾಖೆಯ ಫೈಲಿನಲ್ಲಿ, ಹೊಲಕ್ಕೆ ಹೊಡೆಯುವ ಎಣ್ಣೆ ಇನ್ನೊಂದರಲ್ಲಿ, ಬಸುರಿಯ ರಕ್ತ ಮತ್ತು ತೂಕ ತಾಯಿ ಕಾರ್ಡಿನಲ್ಲಿ. ನಮ್ಮ ಮನೆಯ ಸೊಸೆಯ ಕಾರ್ಡನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಯಾವ ನೀರು, ಯಾವ ಒಲೆ, ಯಾವ ಕೂಲಿ ಎಂದು ಬರೆಯಲು ಒಂದು ಸಾಲೂ ಸಿಗಲಿಲ್ಲ. ಆಧಾರ್ ನಂಬರಿಗೆ ಮಾತ್ರ ಜಾಗ ಇತ್ತು ನೋಡಿ!

ಇನ್ನು ನಿಮ್ಮವ್ವನ ವಿಷಯ. ಒಲೆ ಊದುವಾಗ ಅವರು ಕುಡಿದದ್ದು ಕೆರೆ ನೀರೋ, ಬೋರ್ ನೀರೋ? ಆಗ ಹೊಲಕ್ಕೆ ಎಣ್ಣೆ ಹೊಡೆಯುತ್ತಿದ್ದರೇ? ಆರು ಮಕ್ಕಳಲ್ಲಿ ಒಂದನ್ನಾದರೂ ಹುಟ್ಟಿದಾಗ ಯಾರಾದರೂ ತೂಗಿದ್ದರೇ? ಕೇಳಿ ಬರೆಯಿರಿ.

— ಸಂ.