ಗೆಟ್‌ನ ಪಟ್ಟಿ ಕೇಳಬೇಡಿ, ನನ್ನ ಹತ್ತಿರ ಒಂದಿತ್ತು

'ಇಂಗ್ಲಿಷಿನ ಗೆಟ್ ಅನ್ನೋ ಒಂದು ಪದಕ್ಕೆ ಯಾಕೆ ಇಷ್ಟು ಅರ್ಥ? ಎಲ್ಲವನ್ನೂ ಕನ್ನಡದಲ್ಲಿ ಪಟ್ಟಿ ಮಾಡಿ ಕೊಡಿ, ಮುಂದಿನ ತಿಂಗಳು ಇಂಟರ್‌ವ್ಯೂ ಇದೆ, ಬಾಯಿಪಾಠ ಮಾಡ್ಕೋಬೇಕು' ಅಂತ ಕೇಳಿದ್ದೀರಿ. ಓದಿ ನಗು ಬಂತು. ಸ್ವಲ್ಪ ಹೊಟ್ಟೆಯೂ ಕಿವುಚಿತು. ಆ ಪಟ್ಟಿ ನನ್ನ ಹತ್ತಿರ ಇತ್ತು. ನೀಲಿ ರಟ್ಟಿನ 200 ಪುಟದ ನೋಟ್‌ಬುಕ್. ಮೊದಲ ಎರಡು ಪುಟ ಪೂರ್ತಿ ಗೆಟ್. ಒಟ್ಟು 36 ಅರ್ಥ, ಕೆಂಪು ಪೆನ್ನಲ್ಲಿ ನಂಬರ್ ಹಾಕಿ ಬರೆದಿದ್ದೆ. ನಿದ್ದೆಗಣ್ಣಲ್ಲಿ ಕೇಳಿದರೂ ಒಪ್ಪಿಸುತ್ತಿದ್ದೆ. ಆ ಪಟ್ಟಿ ಇದ್ದಾಗಲೇ ನಾನು ಕೆಲಸ ಕಳಕೊಳ್ಳುವ ಹಂತಕ್ಕೆ ಹೋಗಿ ಬಂದದ್ದು.

ನಮ್ಮದು ಹಿರಿಯೂರಿನ ಹತ್ತಿರ ಒಂದು ಹಳ್ಳಿ. ಓದಿದ್ದು ಕನ್ನಡ ಮೀಡಿಯಂ. ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ನಾನು ಅದಕ್ಕಿಂತ ಹಿಂದಿನ ಬ್ಯಾಚು, ನಮಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಪದ ಬರೆದು, ಪಕ್ಕದಲ್ಲಿ ಎರಡು ಗೆರೆ ಎಳೆದು, ಆಚೆ ಕಡೆ ಕನ್ನಡ ಬರೆಯುತ್ತಿದ್ದರು. ಗೋ ಅಂದರೆ ಹೋಗು. ಕಮ್ ಅಂದರೆ ಬಾ. ಗೆಟ್ ಅಂದರೆ ಪಡೆ.

ಈ 'ಪಡೆ' ನೋಡಿ. ನಮ್ಮೂರಲ್ಲಿ ಯಾರೂ ಏನನ್ನೂ ಪಡೆಯುತ್ತಿರಲಿಲ್ಲ. ಸಾಲ ಸಿಗುತ್ತಿತ್ತು, ಪಿಂಚಣಿ ಬರುತ್ತಿತ್ತು, ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಇಸ್ಕೊಂಡು ಬರುತ್ತಿದ್ದೆವು. 'ಪಡೆಯಿರಿ' ಅನ್ನೋದು ಪಂಚಾಯಿತಿ ಗೋಡೆ ಮೇಲೆ ಮಾತ್ರ ಇತ್ತು. ಆದರೂ ಆ ಎರಡು ಗೆರೆ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟವು.

ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದೆ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್‌ಗಳ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ಗಳ, ಬಿಡಿಭಾಗ ಮಾರುವ ಒಂದು ಕಂಪನಿ. ಡಿಸ್‌ಪ್ಯಾಚ್‌ನಲ್ಲಿ ಕೆಲಸ ಸಿಕ್ಕಿತು, ಆರು ತಿಂಗಳು ಪ್ರೊಬೇಷನ್. ಮೈಲ್ ಎಲ್ಲಾ ಇಂಗ್ಲಿಷು. ಮೊದಲ ವಾರವೇ ರಜೆ ಕೇಳಿ 'ಫೀವರ್ ಈಸ್ ಕಮಿಂಗ್ ಟು ಮಿ' ಅಂತ ಬರೆದಿದ್ದೆ. ಜ್ವರ ಬಸ್ ಹತ್ತಿ ಬರ್ತಾ ಇದೆಯಾ ಅಂತ ಇಡೀ ಆಫೀಸು ಕೇಳಿತು. ಆ ರಾತ್ರಿಯೇ ನೀಲಿ ನೋಟ್‌ಬುಕ್ ಕೊಂಡದ್ದು.

ಈಗ ಆ ತಪ್ಪಿನ ಕಥೆ. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಎಲ್ಲಿ ಎಡವಿದೆ ಅಂತ ಕಂಡುಕೊಳ್ಳೋಕೆ ನನಗೇ ಬಹಳ ದಿನ ಹಿಡಿಯಿತು.

ಪುಣೆಯ ಗಿರಾಕಿಯೊಬ್ಬರಿಗೆ ಒಂದು ಬಾಕ್ಸ್ ಬೇರಿಂಗ್ ಕಳಿಸಬೇಕಿತ್ತು. ಸೋಮವಾರ ಲಾರಿಗೆ ಹಾಕಿ, ಎಲ್‌ಆರ್ ಕಾಪಿ ಮೈಲ್ ಮಾಡಿದೆ. ಲಾರಿಯವರು ಸರಕು ತಗೊಂಡದ್ದಕ್ಕೆ ಕೊಡುವ ರಸೀದಿಗೆ ಎಲ್‌ಆರ್ ಅಂತಾರೆ. ಅದನ್ನು ತೋರಿಸಿ ಗಿರಾಕಿಯೇ ಗೋಡೌನ್‌ನಿಂದ ಮಾಲು ಬಿಡಿಸಿಕೊಳ್ಳಬೇಕು. ಬುಧವಾರ ಇನ್ನೊಂದು ಮೈಲ್ ಹಾಕಿದೆ: ಲಾರಿ ನಾಳೆ ಪುಣೆಗೆ ಬರುತ್ತೆ, ದಯವಿಟ್ಟು ಗೋಡೌನ್‌ನಿಂದ ನೀವೇ ತರಿಸಿಕೊಳ್ಳಿ, ಫೋನ್ ನಂಬರ್ ಕೆಳಗಿದೆ. ಶುಕ್ರವಾರ ಬೆಳಿಗ್ಗೆ ಉತ್ತರ ಬಂತು. 'ಗಾಟ್ ಇಟ್, ಥ್ಯಾಂಕ್ಸ್.' ಇಷ್ಟೇ.

ನಾನು ಓದಿದ್ದು: ಪಡೆದೆ. ಅಂದರೆ ಬಾಕ್ಸ್ ಸಿಕ್ಕಿತು. ಎಕ್ಸೆಲ್‌ನಲ್ಲಿ ಆ ಸಾಲಿಗೆ ಹಸಿರು ಬಣ್ಣ ಹೊಡೆದೆ.

ಹಸಿರು ಅಂದರೆ ಮುಗಿದ ಕಥೆ. ಹಳದಿ ಸಾಲುಗಳಿಗೆ ಮಾತ್ರ ದಿನಾ 11 ಗಂಟೆಗೆ ಲಾರಿ ಆಫೀಸಿಗೆ ಫೋನ್ ಮಾಡಿ ವಿಚಾರಿಸೋದು ನನ್ನ ಕೆಲಸ. ಹಸಿರನ್ನು ಯಾರೂ ತಿರುಗಿ ನೋಡಲ್ಲ. ಆ ಬಾಕ್ಸು ಪುಣೆಗೆ ಹೋಗಿರಲೇ ಇಲ್ಲ. ದಾರಿಯಲ್ಲಿ ಹುಬ್ಬಳ್ಳಿ ಗೋಡೌನ್‌ನಲ್ಲಿ ಯಾರದೋ ಮಾಲಿನ ಜೊತೆ ಇಳಿದುಬಿಟ್ಟಿತ್ತು. ಅಲ್ಲೇ 12 ದಿನ ಕೂತಿತ್ತು. ಗಿರಾಕಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಪುಣೆ ಗೋಡೌನ್‌ಗೆ ಹುಡುಗನನ್ನು ಕಳಿಸುತ್ತಲೇ ಇದ್ದರಂತೆ. ಹದಿಮೂರನೇ ದಿನ ನಮ್ಮ ಸಾಹೇಬರಿಗೆ ಫೋನ್ ಬಂತು. ಬೇರಿಂಗ್ ಇಲ್ಲದೆ ಮೆಷಿನ್ ನಿಂತಿತ್ತು.

ಸಾಹೇಬರು ಕ್ಯಾಬಿನ್‌ಗೆ ಕರೆದು ನನ್ನ ಎಕ್ಸೆಲ್ ತೋರಿಸಿದರು. 'ಇದು ಹಸಿರು ಯಾಕಪ್ಪಾ ಆಯ್ತು?' ನಾನು ಮೈಲ್ ತೆಗೆದು ತೋರಿಸಿದೆ. ಬೆರಳಿಟ್ಟು ತೋರಿಸಿದೆ, 'ನೋಡಿ ಸಾರ್, ಗಾಟ್ ಇಟ್ ಅಂತ ಅವರೇ ಬರೆದಿದಾರೆ' ಅಂತ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅಕೌಂಟ್ಸ್ ಮೇಡಂ ಮೆಲ್ಲಗೆ ಅಂದರು, 'ಅಯ್ಯೋ, ಗೊತ್ತಾಯ್ತು ಅಂತ ಬರೆದಿರೋದು ಕಣೋ ಅದು.'

ನನಗೆ ಜಾಸ್ತಿ ಉರಿದದ್ದು ಇಲ್ಲಿ. ಆ ಅರ್ಥ ನನಗೆ ಗೊತ್ತಿಲ್ಲದ್ದೇನಲ್ಲ. ನೋಟ್‌ಬುಕ್‌ನಲ್ಲಿ ಒಂಬತ್ತನೇ ನಂಬರು: 'ಗ್ರಹಿಸು, ತಿಳಿದುಕೊಳ್ಳು'. ಉದಾಹರಣೆ ವಾಕ್ಯವೂ ಇತ್ತು. ಗೊತ್ತಿದ್ದೂ ಯಾಕೆ ಹೊಳೆಯಲಿಲ್ಲ? ಪಟ್ಟಿಯಲ್ಲಿ ಅರ್ಥಗಳು ಕ್ಯೂ ನಿಂತಿರುತ್ತವೆ. ಮೈಲ್ ಕಣ್ಣಿಗೆ ಬಿದ್ದ ತಕ್ಷಣ ಮುಂದೆ ನಿಂತವನು ಓಡಿ ಬಂದ. ಮೊದಲನೇ ನಂಬರು, ಪಡೆ. ಅವನು ಹೇಗೋ ಹೊಂದಿಕೊಂಡ, ಹಿಂದಿನವರನ್ನು ಕೇಳುವವರೇ ಇಲ್ಲ. ಹೊಂದದೇ ಇದ್ದಿದ್ದರೆ ಎರಡನೆಯವನನ್ನು ಕರೆಯುತ್ತಿದ್ದೆ. ಹೊಂದಿಕೊಂಡದ್ದೇ ಗ್ರಹಚಾರ.

ಇನ್ನೂ ಒಂದಿದೆ. ನಾನು ಆ ಎರಡು ಪದ ಮಾತ್ರ ಓದಿದೆ. ಅದು ಯಾವುದಕ್ಕೆ ಕೊಟ್ಟ ಉತ್ತರ ಅಂತ ನೋಡಲೇ ಇಲ್ಲ. ನನ್ನದೇ ಮೈಲ್ ಕೆಳಗೇ ಇತ್ತು. ಅದರಲ್ಲಿ ನಾನು ಹೇಳಿದ್ದು 'ತರಿಸಿಕೊಳ್ಳಿ' ಅಂತ. ಹೀಗೆ ಮಾಡಿ ಅಂದವರಿಗೆ ಮನುಷ್ಯ ಏನು ಉತ್ತರ ಕೊಡ್ತಾನೆ? ಮನೆಯಲ್ಲಿ ಅಮ್ಮ 'ಬರ್ತಾ ಹಾಲು ತಗೊಂಡು ಬಾರೋ' ಅಂತ ಫೋನಲ್ಲಿ ಹೇಳಿದರೆ ನಾನು 'ಆಯ್ತು' ಅಂತೀನಿ. ಆಯ್ತು ಅಂದರೆ ಮುಗಿಯಿತು ಅಂತಲೂ ಅರ್ಥ, ಅಲ್ವಾ? ಹಾಗಂತ ಅಮ್ಮ ಫೋನ್ ಇಟ್ಟು ಅಡುಗೆಮನೆಯಲ್ಲಿ ಹಾಲು ಹುಡುಕಲ್ಲ. 'ಆಯ್ತು' ಪದಕ್ಕೆ ಎಷ್ಟು ಅರ್ಥ ಅಂತ ಅಮ್ಮ ಪಟ್ಟಿ ಮಾಡಿಲ್ಲ. ಅವರು ಏನು ಹೇಳಿದ್ದರು ಅನ್ನೋದು ಅವರಿಗೆ ನೆನಪಿರುತ್ತೆ, ಅಷ್ಟೇ. ಪುಣೆಯವರ 'ಗಾಟ್ ಇಟ್' ನನ್ನ 'ಆಯ್ತು'. ನಾನು ಹಾಲು ಬಂತು ಅಂದುಕೊಂಡು ಒಲೆ ಮೇಲೆ ಪಾತ್ರೆ ಇಟ್ಟೆ.

ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದೆ ಹೋಯಿತು. ಇನ್‌ಕ್ರಿಮೆಂಟ್ ಇಲ್ಲ. ಆ ಗಿರಾಕಿ ಮುಂದಿನ ಆರ್ಡರ್ ಬೇರೆಯವರಿಗೆ ಕೊಟ್ಟರು.

ಬುದ್ಧಿ ಬಂದದ್ದು ಮಾತ್ರ ನಮ್ಮ ರೂಮಿನಲ್ಲಿ. ದಾಸರಹಳ್ಳಿಯಲ್ಲಿ ನನ್ನ ಜೊತೆ ಒಡಿಶಾದ ಒಬ್ಬ ಹುಡುಗ ಇದ್ದ. ಕನ್ನಡ ಕಲಿಯೋ ಹುಚ್ಚು. ಒಂದು ದಿನ 'ಹಾಕು' ಪದಕ್ಕೆ ಎಲ್ಲಾ ಅರ್ಥ ಬರೆದು ಕೊಡು ಅಂತ ಕೂತ. ನಿಮ್ಮ ಪ್ರಶ್ನೆಯೇ, ಪದ ಬೇರೆ. ನಾನೂ ಉತ್ಸಾಹದಿಂದ ಶುರು ಮಾಡಿದೆ. ಬಟ್ಟೆ ಹಾಕು, ಬೀಗ ಹಾಕು, ಸಹಿ ಹಾಕು, ಲೈಟ್ ಹಾಕು, ಅನ್ನ ಹಾಕು, ವೋಟು ಹಾಕು, ರಂಗೋಲಿ ಹಾಕು, ಗಿಡಕ್ಕೆ ನೀರು ಹಾಕು. ಬಟ್ಟೆ ಒಣಗಹಾಕು ಅಂದಾಗ ಅವನ ಮುಖ ಬಾಡಿತು. ಬಟ್ಟೆ ಹಾಕು ಅಂದರೆ ಮೈಮೇಲೆ, ಒಣಗಹಾಕು ಅಂದರೆ ತಂತಿ ಮೇಲೆ. ಕಣ್ಣು ಹಾಕು ಅಂತ ಬಂದಾಗ ಪೆನ್ನು ಕೆಳಗಿಟ್ಟ. ಕೆಳಗಿನ ಅಂಗಡಿಯವರು 'ಮಾಲೆ ಹಾಕಿದ್ದಾರೆ' ಅಂತ ಯಾರೋ ಹೇಳಿದ್ದಕ್ಕೆ ಇವನು ಮದುವೆ ಆಯ್ತಾ ಅಂತ ವಿಚಾರಿಸಿ ಬಂದಿದ್ದ. ಅವರು ಪಾಪ ಕಪ್ಪು ಪಂಚೆ ಉಟ್ಟು ಶಬರಿಮಲೆಗೆ ಹೊರಟಿದ್ದರು.

ಆಗ ನನಗೆ ಗೊತ್ತಾಯ್ತು, ನನ್ನ ತಲೆಯಲ್ಲಿ 'ಹಾಕು' ಅನ್ನೋ ಪದ ಒಂಟಿಯಾಗಿ ಇಲ್ಲವೇ ಇಲ್ಲ. ಬೀಗ ಅಂದರೆ ಹಾಕು ತಾನಾಗೇ ಬರುತ್ತೆ. ಇಪ್ಪತ್ತು ಅರ್ಥ ಯಾರೂ ನನಗೆ ಕಲಿಸಿಲ್ಲ. ಜೋಡಿ ಜೋಡಿಯಾಗಿ ಕಿವಿಗೆ ಬಿದ್ದಿತ್ತು. ಅವನಿಗೂ ಹಾಗೇ ಹೇಳಿಕೊಟ್ಟೆ. ಮಲಗೋ ಮುಂಚೆ 'ಬೀಗ ಹಾಕ್ದಾ?' ಅಂತ ದಿನಾ ಕೇಳೋದು. ಒಂದು ತಿಂಗಳಲ್ಲಿ ಅವನೇ ನನ್ನನ್ನು ಕೇಳತೊಡಗಿದ.

ಇನ್ನು, ಯಾಕೆ ಇಷ್ಟು ಅರ್ಥ ಅಂತ ಕೇಳಿದ್ದೀರಿ. ಸಣ್ಣ ಪದ, ದಿನವಿಡೀ ದುಡಿಯುತ್ತೆ, ಅದಕ್ಕೆ. ಗೆಟ್ ಒಂದೇ ಹೀಗಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದ ವಿವರಣೆ ಸೆಟ್‌ಗೆ, 430 ಅರ್ಥ. ಆಮೇಲೆ ರನ್ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ. ಅದನ್ನು ವಿಂಗಡಿಸಿದ ಪೀಟರ್ ಗಿಲ್ಲಿವರ್ ಅನ್ನೋ ಸಂಪಾದಕರಿಗೆ ಅದೊಂದೇ ಪದಕ್ಕೆ 9 ತಿಂಗಳು ಹಿಡಿಯಿತು. ಅದು ಅವರ ಉದ್ಯೋಗ. ನಿಮಗಿರೋದು ಒಂದು ತಿಂಗಳು.

ಅಂದ ಹಾಗೆ ಗೆಟ್ ಇಂಗ್ಲಿಷಿನ ಸ್ವಂತದ್ದೂ ಅಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ 'ಗೆಟಾ' ಅದು. ಅದಕ್ಕೆ ನಮ್ಮಲ್ಲಿ ಹತ್ತಿರದ ಪದ 'ದಕ್ಕು' ಅಂತ ನನಗನ್ನಿಸುತ್ತೆ. ಆಸ್ತಿಯೂ ದಕ್ಕುತ್ತೆ, ಕವಿತೆಯ ಅರ್ಥವೂ ದಕ್ಕುತ್ತೆ. ಮೇಷ್ಟ್ರು ಬೋರ್ಡಿನ ಮೇಲೆ ಪಡೆ ಬದಲು ದಕ್ಕು ಅಂತ ಬರೆದಿದ್ದರೆ ನನ್ನ ಒಂದು ಇನ್‌ಕ್ರಿಮೆಂಟ್ ಉಳಿಯುತ್ತಿತ್ತೋ ಏನೋ.

ಹಾಗಾದರೆ ಏನು ಮಾಡಬೇಕು ಅಂತೀರಾ? ಗೆಟ್ ಅನ್ನು ನೋಡಲೇಬೇಡಿ. ಅದರ ಮುಂದೆ ಏನಿದೆ ನೋಡಿ. ಗುಣ ಹೇಳುವ ಪದ ಇದ್ದರೆ ಅದು ಬಹುಪಾಲು ನಮ್ಮ 'ಆಗು'. ಗೆಟ್ ರೆಡಿ ಅಂದರೆ ರೆಡಿ ಆಗು, ಇಟ್ಸ್ ಗೆಟಿಂಗ್ ಲೇಟ್ ಅಂದರೆ ಲೇಟ್ ಆಗ್ತಿದೆ. ಜಾಗ ಇದ್ದರೆ 'ತಲುಪು' ಅಂತ ತಿಳಕೊಳ್ಳಿ: ಗೆಟ್ ಹೋಮ್, ಗೆಟ್ ಟು ತುಮಕೂರು.

ವಸ್ತುವೋ ಕಾಯಿಲೆಯೋ ಇದ್ದರೆ ನಮ್ಮ 'ನನಗೆ' ನೆನಪಿಸಿಕೊಳ್ಳಿ. ಕನ್ನಡದಲ್ಲಿ ನಾವು ಸುಮ್ನೆ ಕೂತಿರ್ತೀವಿ. ಜ್ವರ ನಮಗೆ ಬರುತ್ತೆ, ಕೆಲಸ ನಮಗೆ ಸಿಗುತ್ತೆ, ಕಾಗದ ನಮಗೆ ಬರುತ್ತೆ. ಇಂಗ್ಲಿಷಿನವನು 'ಐ' ಅಂತ ತಾನೇ ಎದ್ದು ಬಂದು ಮುಂದೆ ನಿಲ್ತಾನೆ: ಐ ಗಾಟ್ ಎ ಫೀವರ್, ಐ ಗಾಟ್ ದ ಜಾಬ್, ಐ ಗಾಟ್ ಎ ಲೆಟರ್. 'ನನಗೆ' ಇರುವ ಇಂಥ ವಾಕ್ಯವನ್ನು 'ಐ'ನಿಂದ ಶುರು ಮಾಡಬೇಕು ಅಂದಾಗ ಹೆಚ್ಚಿನ ಸಲ ಕೈಗೆ ಸಿಗೋದು ಗೆಟ್. ನನ್ನ ಜ್ವರದ ಮೈಲ್ ಹಾಳಾದದ್ದು ಇದು ಗೊತ್ತಿಲ್ಲದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಕ್ಷೌರದಂಗಡಿಯಿಂದ ಬಂದು ನಾವು 'ಐ ಕಟ್ ಮೈ ಹೇರ್' ಅಂತೀವಿ. ಕೇಳಿದವನಿಗೆ ನಾವೇ ಕನ್ನಡಿ ಮುಂದೆ ಕತ್ತರಿ ಹಿಡಿದ ಹಾಗೆ ಅನ್ನಿಸುತ್ತೆ. ಕನ್ನಡದಲ್ಲಿ ನಾವು ಯಾವತ್ತೂ ಆ ತಪ್ಪು ಮಾಡಲ್ಲ. ಕಟಿಂಗ್ ಮಾಡಿಸಿದೆ, ಪ್ಯಾಂಟು ಹೊಲಿಸಿದೆ, ಮನೆ ಕಟ್ಟಿಸಿದೆ. ಈ 'ಇಸು' ಇಂಗ್ಲಿಷಿನಲ್ಲಿ ಗೆಟ್: ಐ ಗಾಟ್ ಮೈ ಹೇರ್ ಕಟ್. ಅವನ ಕೈಲಿ ಸಹಿ ಹಾಕಿಸು ಅನ್ನೋಕೆ ಗೆಟ್ ಹಿಮ್ ಟು ಸೈನ್. ಬೈಸ್ಕೊಂಡೆ ಅನ್ನೋಕೆ ಐ ಗಾಟ್ ಸ್ಕೋಲ್ಡೆಡ್. ಸಾಹೇಬರ ಕ್ಯಾಬಿನ್‌ನಿಂದ ಹೊರಬಂದಾಗ ಆ ವಾಕ್ಯ ನನಗೆ ಬಹಳ ಸಲೀಸಾಗಿ ಬರುತ್ತಿತ್ತು.

ಗೆಟ್ ಅಪ್, ಗೆಟ್ ಓವರ್, ಗೆಟ್ ಅಲಾಂಗ್ ಇವೆಲ್ಲ ಗೆಟ್ ಅಲ್ಲವೇ ಅಲ್ಲ, ಪ್ರತಿಯೊಂದೂ ಬೇರೆ ಪದ ಅಂದುಕೊಂಡು ಒಂದೊಂದಾಗಿ, ಎದುರಾದಾಗ ಕಲೀರಿ. 'ಐ ಹ್ಯಾವ್ ಗಾಟ್ ಎ ಬೈಕ್' ಅಂದರೆ ಬೈಕ್ ಇದೆ ಅಂತ, ಅಷ್ಟೇ. ಅಮೆರಿಕದವರು 'ಗಾಟನ್' ಅಂದರೆ ಗಾಬರಿ ಬೇಡ, ಅದು ಅವರ ರೂಢಿ.

ಇಂಟರ್‌ವ್ಯೂನಲ್ಲಿ ಯಾರೂ ಗೆಟ್‌ಗೆ ಎಷ್ಟು ಅರ್ಥ ಅಂತ ಕೇಳಲ್ಲ. 'ಡಿಡ್ ಯು ಗೆಟ್ ಮೈ ಕ್ವೆಶ್ಚನ್?' ಅಂತ ಕೇಳ್ತಾರೆ. ಅರ್ಥ ಆಗಿಲ್ಲ ಅಂದರೆ ನೋ ಅನ್ನಿ, ಇನ್ನೊಂದು ಸಲ ಹೇಳಿಸಿ. ನಾನು ಈಗಲೂ 'ಗಾಟ್ ಇಟ್' ಅಂತ ಮೈಲ್ ಬಂದರೆ ಬಾಕ್ಸ್ ಕೈ ಸೇರಿತಾ ಅಂತ ಒಂದು ಫೋನ್ ಹಾಕ್ತೀನಿ. ಸಹೋದ್ಯೋಗಿಗಳು ನಗ್ತಾರೆ, ನಗಲಿ.

ನೀಲಿ ನೋಟ್‌ಬುಕ್ ಊರಲ್ಲಿದೆ. ಹಿಂದಿನ ಖಾಲಿ ಪುಟಗಳಲ್ಲಿ ಅಮ್ಮ ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೀತಾರೆ. ಪಟ್ಟಿ ಕೊಡಲ್ಲ. ನಿಮಗೆ ಗೆಟ್ ಎಲ್ಲಿ ತೊಡರಿತು ಅಂತ ಕೆಳಗೆ ಬರೀರಿ. ಒಂಟಿ ಪದ ಬೇಡ. ಪೂರ್ತಿ ವಾಕ್ಯ ಬರೀರಿ, ಅದಕ್ಕಿಂತ ಮುಂಚೆ ಎದುರಿನವರು ಏನು ಹೇಳಿದ್ದರು ಅನ್ನೋದನ್ನೂ ಸೇರಿಸಿ.