ಭಾನುವಾರ ಸಂಜೆ 25 ಮಂದಿಗೆ ಕೈಯಲ್ಲೇ ತಿನ್ನುವ ತಿಂಡಿಗಳನ್ನು ಹೇಗೆ ಜೋಡಿಸುವುದು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಬರುವ ಭಾನುವಾರ ಸಂಜೆ ಐದೂವರೆಗೆ ಬಂಧುಗಳೂ ಸ್ನೇಹಿತರೂ ಸೇರಿ 25 ಮಂದಿ ನಿಮ್ಮ ಮನೆಗೆ ಬರುತ್ತಾರೆ, ರಾತ್ರಿಯ ಊಟ ಇಟ್ಟುಕೊಂಡಿಲ್ಲ, ಅಲ್ಲಲ್ಲಿ ನಿಂತು, ಕುಳಿತು, ಕೈಯಲ್ಲೇ ತಿನ್ನುವಂಥ ತಿಂಡಿಗಳನ್ನು ತಟ್ಟೆಗಳಲ್ಲಿ ಜೋಡಿಸಿಡಬೇಕು, ಅಡುಗೆಮನೆಯಲ್ಲಿ ಇರುವವರು ನೀವೊಬ್ಬರೇ, ಒಲೆಗೆ ಇರುವುದು ಎರಡೇ ಬರ್ನರು. ಇಂಥ ಸಂಜೆಗಳನ್ನು ನಾನು ಮನೆಯಲ್ಲಿ ಹಲವು ಸಲ ನಡೆಸಿದ್ದೇನೆ, ಮೊದಲನೆಯದನ್ನು ಸಾಕಷ್ಟು ಕೆಡಿಸಿಯೂ ಇದ್ದೇನೆ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ಮೊದಲ ಸಲ ನಾನು ಅಂಬೊಡೆ, ಬೋಂಡ, ಹೀರೆಕಾಯಿ ಬಜ್ಜಿ, ಮೆಣಸಿನಕಾಯಿ ಬಜ್ಜಿ ಎಂದು ನಾಲ್ಕು ಬಗೆಯ ಕರಿದ ತಿಂಡಿಗಳನ್ನು ಹಮ್ಮಿಕೊಂಡಿದ್ದೆ. ಮೊದಲೇ ಮುಗಿಸಿಬಿಡೋಣವೆಂದು ನಾಲ್ಕು ಗಂಟೆಗೇ ಅಂಬೊಡೆ ಕರಿದು ಬಿಸಿ ಆರದಿರಲಿ ಎಂದು ಹಾಟ್‌ಬಾಕ್ಸಿನಲ್ಲಿ ತುಂಬಿ ಮುಚ್ಚಿಟ್ಟೆ. ಆರು ಗಂಟೆಗೆ ಮುಚ್ಚಳ ತೆಗೆದರೆ ಅದರ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಅಂಬೊಡೆಗಳು ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾಗಿದ್ದವು, ತಳದವು ಒಂದಕ್ಕೊಂದು ಅಂಟಿಕೊಂಡಿದ್ದವು. ಬಜ್ಜಿಯನ್ನು ಬಿಸಿಬಿಸಿಯಾಗಿಯೇ ಕೊಡಬೇಕೆಂದು ಬಾಣಲೆಯ ಮುಂದೆ ನಿಂತವರು ನಾವು, ನೆಂಟರು ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದೆವು. ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮ ಒಂದೇ: ತಿಂಡಿಗಳನ್ನು ರುಚಿ ನೋಡಿ ಆರಿಸುವುದಕ್ಕಿಂತ ಮುಂಚೆ, ಮಾಡಿಟ್ಟ ಮೇಲೆ ಅವು ಎಷ್ಟು ಹೊತ್ತು ಚೆನ್ನಾಗಿರುತ್ತವೆ ಎಂಬುದನ್ನು ನೋಡಿ ಆರಿಸುತ್ತೇನೆ, ಮತ್ತು ಅತಿಥಿಗಳು ಬಂದ ಮೇಲೆ ಒಲೆಯ ಮೇಲೇರುವ ತಿಂಡಿ ಒಂದಕ್ಕಿಂತ ಹೆಚ್ಚಿರಲು ಬಿಡುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಊಟವೆಲ್ಲವೂ ಕೈಯಲ್ಲೇ ನಡೆಯುವುದರಿಂದ ಯಾವ ತಿಂಡಿಯಾದರೂ ನಡೆದೀತು ಎಂದು ತೋರುವುದು ಸಹಜ. ಆದರೆ ಎಲೆಯ ಮುಂದೆ ಕುಳಿತು ಕಲಸಿ ಉಣ್ಣುವುದು ಬೇರೆ, ಎಡಗೈಯಲ್ಲಿ ಕಾಫಿಯ ಲೋಟ ಹಿಡಿದು ನಿಂತುಕೊಂಡು ತಿನ್ನುವುದು ಬೇರೆ. ಸೋರುವುದು, ಉದುರುವುದು, ಎರಡೂ ಕೈ ಹಚ್ಚಿ ಮುರಿಯಬೇಕಾದದ್ದು ಈ ಸಂಜೆಗೆ ಬೇಡ. ಮೂರು ಸುತ್ತಿನ ದೊಡ್ಡ ಚಕ್ಕುಲಿ ನೋಡಲು ಚೆಂದ, ಆದರೆ ಅರ್ಧ ಗಂಟೆಯಲ್ಲಿ ತಟ್ಟೆಯ ತುಂಬ ಚೂರು. ಜಾಮೂನು, ಜಿಲೇಬಿಗಳ ಮಾತೇ ಬೇಡ.

ಲೆಕ್ಕಕ್ಕೆ ಬರೋಣ. ಊಟವಿಲ್ಲದ ಸಂಜೆಯಲ್ಲಿ ತಲೆಗೆ ಎಂಟರಿಂದ ಹತ್ತು ತುಂಡು ಬೇಕಾಗುತ್ತದೆ ಎಂಬುದು ನನ್ನ ಅನುಭವ. ಊಟವಿದ್ದರೆ ಇದರ ಅರ್ಧ ಸಾಕು. ಇದನ್ನು ಮೂರು ಒಣ ತಿಂಡಿ, ಎರಡು ಪಡ್ಡು, ಎರಡು ಅಂಬೊಡೆ, ಒಂದೆರಡು ತಣ್ಣನೆಯ ಕೋಸಂಬರಿ ಬಿಲ್ಲೆ, ಒಂದು ಸಿಹಿ ಎಂದು ಹಂಚಿಕೊಂಡರೆ ಯಾವುದೂ ಕೈಮೀರಿ ಹೋಗುವುದಿಲ್ಲ.

ಒಣ ತಿಂಡಿಗಳಲ್ಲಿ ನನ್ನ ಮೊದಲ ಆಯ್ಕೆ ಕೋಡುಬಳೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿಗಳಿಗೆ ಬ್ಯಾಡಗಿ ಮೆಣಸಿನಕಾಯಿಯನ್ನೂ ಕೊಬ್ಬರಿಯನ್ನೂ ರುಬ್ಬಿ ಸೇರಿಸಿ, ಕಾದ ಎಣ್ಣೆ ಹಾಕಿ ಕಲಸಿ, ಉಂಗುರಕ್ಕಿಂತ ತುಸು ದೊಡ್ಡದಾಗಿ ಬಳೆ ಸುತ್ತಿ ಸಣ್ಣ ಉರಿಯಲ್ಲಿ ಕರಿಯಬೇಕು. ಹಸಿ ತೆಂಗಿನಕಾಯಿಗಿಂತ ಕೊಬ್ಬರಿಯೇ ಲೇಸು, ಏಕೆಂದರೆ ಗುರುವಾರ ಕರಿದದ್ದು ಭಾನುವಾರಕ್ಕೂ ಗರಿಯಾಗಿಯೇ ಇರುತ್ತದೆ. ಮಕ್ಕಳು ಅದನ್ನು ಬೆರಳಿಗೆ ತೊಟ್ಟುಕೊಂಡು ಸುತ್ತಲೂ ಕಚ್ಚಿ ತಿನ್ನುತ್ತ ಓಡಾಡುವುದನ್ನು ನೋಡಿದರೆ, ಕೈತಿಂಡಿಯೆಂಬ ಮಾತಿಗೆ ಇದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ ಎನಿಸುತ್ತದೆ. ಇದರ ಜೊತೆಗೆ ನಿಪ್ಪಟ್ಟು ಮತ್ತು ಕಾಂಗ್ರೆಸ್ ಕಡಲೆಬೀಜವನ್ನು ಹತ್ತಿರದ ಕಾಂಡಿಮೆಂಟ್ಸ್ ಅಂಗಡಿಯಿಂದ ತಂದುಬಿಡಿ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟದಿಂದ ನಿಮ್ಮ ಶನಿವಾರ ಹಾಳಾಗುವುದೇ ಹೊರತು ಬೇರೆ ಲಾಭವಿಲ್ಲ. ಕೊಳ್ಳುವ ಮುಂಚೆ ಒಂದು ನಿಪ್ಪಟ್ಟನ್ನು ಮುರಿದು ಮೂಸಿ ನೋಡಿ. ಕಮಟು ವಾಸನೆ ಬಂದರೆ ಬೇರೆ ಅಂಗಡಿಗೆ ಹೋಗಿ.

ಎರಡನೆಯದು ಪಡ್ಡು. ನಿಮ್ಮ ಕಡೆ ಇದನ್ನು ಗುಂಡುಪೊಂಗಲ ಅಥವಾ ಗುಳಿಯಪ್ಪ ಎನ್ನುತ್ತಿರಬಹುದು. ಮೂರು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಹಿಡಿ ಅವಲಕ್ಕಿ, ಅರ್ಧ ಚಮಚ ಮೆಂತ್ಯ ಹಾಕಿ ಶನಿವಾರ ಮಧ್ಯಾಹ್ನ ನೆನೆಸಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಹುದುಗಿರುತ್ತದೆ. ಚಳಿಗಾಲವಾದರೆ ಇನ್ನೂ ಕೆಲವು ಗಂಟೆ ಬೇಕು. ಹನ್ನೆರಡು ಗುಳಿಯ ಕಾವಲಿಯಲ್ಲಿ ಐದು ಸಲ ಹೊಯ್ದರೆ 60 ಪಡ್ಡು, ಸುಮಾರು ಅರ್ಧ ಗಂಟೆಯ ಕೆಲಸ. ನಾಲ್ಕೂವರೆಗೆ ಆರಂಭಿಸಿ. ಇದು ಆರಿದರೂ ತಿನ್ನಲು ಬರುತ್ತದೆ, ಒಂದೇ ತುತ್ತಿಗೆ ಮುಗಿಯುತ್ತದೆ, ಕೈಗೆ ಜಿಡ್ಡು ಹತ್ತುವುದೂ ಕಡಿಮೆ. ಮೊದಲ ಎರಡು ಹೊಯ್ತವನ್ನು ಈರುಳ್ಳಿಯಿಲ್ಲದೆ, ಬರೀ ಹಸಿಮೆಣಸಿನಕಾಯಿ, ಕರಿಬೇವು, ತೆಂಗಿನಕಾಯಿಯ ಸಣ್ಣ ಚೂರು ಹಾಕಿ ತೆಗೆದು ಬೇರೆ ತಟ್ಟೆಗೆ ಹಾಕಿಡಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಹಿರಿಯರೊಬ್ಬರು ಬಂದೇ ಬರುತ್ತಾರೆ, ಮತ್ತು ಅವರು ಕೇಳುವುದಕ್ಕೆ ಸಂಕೋಚಪಟ್ಟು ಕಾಫಿ ಕುಡಿದು ಹೊರಟುಬಿಡುತ್ತಾರೆ.

ಇನ್ನು ಒಲೆಯ ಮುಂದೆ ನಿಲ್ಲಬೇಕಾದ ಒಂದೇ ತಿಂಡಿ, ಅಂಬೊಡೆ. ಅರ್ಧ ಕಿಲೋ ಕಡಲೆಬೇಳೆಯನ್ನು ಎರಡು ಗಂಟೆಗೆ ನೆನೆಹಾಕಿ ನಾಲ್ಕು ಗಂಟೆಗೆ ಬಸಿಯಿರಿ. ಹೆಚ್ಚು ನೆನೆದರೆ ಎಣ್ಣೆ ಕುಡಿಯುತ್ತದೆ. ಜಾಲರಿಯಲ್ಲಿ ಕಾಲು ಗಂಟೆ ಹಾಗೆಯೇ ಬಿಟ್ಟು, ನೀರು ಹಾಕದೆ ತರಿತರಿಯಾಗಿ ರುಬ್ಬಿ, ಒಂದು ಹಿಡಿ ಇಡೀ ಬೇಳೆಯನ್ನು ಹಾಗೆಯೇ ಬೆರೆಸಿ, ಸಬ್ಬಸಿಗೆ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ, ಇಂಗು ಹಾಕಿ. ಇದಕ್ಕೆ ಈರುಳ್ಳಿ ಬೇಡವೇ ಬೇಡ. ಅದು ನೀರು ಬಿಟ್ಟು ಹಿಟ್ಟನ್ನು ಸಡಿಲಗೊಳಿಸುತ್ತದೆ. ಉಪ್ಪನ್ನೂ ಕರಿಯಲು ಹೊರಟಾಗಲೇ ಹಾಕಬೇಕು, ಮೊದಲೇ ಅಲ್ಲ. ಲಿಂಬೆಗಿಂತ ಚಿಕ್ಕದಾದ ಉಂಡೆ ಮಾಡಿ ತಟ್ಟಿದರೆ 55ರಿಂದ 60 ಆಗುತ್ತವೆ. ಒಟ್ಟಿಗೆ ಕರಿಯಬೇಡಿ: ಅರ್ಧವನ್ನು ಮುಕ್ಕಾಲು ಮಂದಿ ಬಂದ ಮೇಲೆ, ಉಳಿದರ್ಧವನ್ನು ಒಂದು ಗಂಟೆ ಬಿಟ್ಟು. ಎರಡು ಸಲಕ್ಕೂ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ನಡುವೆ ನೀವು ಹೊರಗೆ ಬಂದು ಕೂರಬಹುದು. ಕರಿದದ್ದನ್ನು ಮುಚ್ಚದೆ ಜಾಲರಿಯ ಮೇಲೆ ಹರಡಿ. ಹಳೆಯ ಪತ್ರಿಕೆಯ ಮೇಲೆ ಹಾಕುವ ರೂಢಿಯನ್ನು ಬಿಡುವುದು ಒಳ್ಳೆಯದು, ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಹತ್ತುತ್ತದೆ.

ಅಷ್ಟೂ ಆಗದು ಎನಿಸಿದರೆ ಅಂಬೊಡೆಯ ಬದಲು ಮದ್ದೂರು ವಡೆ ಇಡಿ. ಬೆಂಗಳೂರು ಮತ್ತು ಮೈಸೂರಿನ ನಡುವೆ ಓಡುವ ರೈಲಿನಲ್ಲಿ ಬುಟ್ಟಿ ಹೊತ್ತು ಮಾರುವ ತಿಂಡಿಯಾದ್ದರಿಂದ, ಬಿಸಿಯಿಲ್ಲದಿದ್ದರೂ, ಚಟ್ನಿಯಿಲ್ಲದಿದ್ದರೂ ರುಚಿ ಕೆಡದಿರುವುದು ಅದರ ಗುಣ. ಅದರಲ್ಲಿ ಈರುಳ್ಳಿ ಧಾರಾಳವಾಗಿರುತ್ತದೆ ಎಂಬುದು ನೆನಪಿರಲಿ. ದಾವಣಗೆರೆ ಕಡೆಯವರು ಯಾರಾದರೂ ಮಂಡಕ್ಕಿ ಮಿರ್ಚಿ ಇಡಿ ಎಂದು ಒತ್ತಾಯಿಸಿಯಾರು. ಆ ಜೋಡಿಯ ಮೇಲೆ ನನಗೂ ಪಕ್ಷಪಾತವಿದೆ. ಆದರೆ ಕಲಸಿದ ಮಂಡಕ್ಕಿ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ, ಮಿರ್ಚಿಗೆ ಒಲೆ ಬಿಟ್ಟು ಕದಲುವಂತಿಲ್ಲ. ಇನ್ನೊಂದು ದಿನಕ್ಕೆ ಇರಲಿ.

ಕೋಸಂಬರಿಗೆ ಚಮಚ ಬೇಕಲ್ಲ ಎಂದು ನೀವು ಕೇಳಬಹುದು. ಎಳೆ ಸೌತೆಕಾಯಿಯನ್ನು ಕಹಿಯಿಲ್ಲವೆಂದು ನೋಡಿಕೊಂಡು ಬೆರಳಿನಷ್ಟು ದಪ್ಪದ ಬಿಲ್ಲೆಗಳಾಗಿ ಕೊಯ್ದು, ನಡುವೆ ಸ್ವಲ್ಪ ಕೆತ್ತಿ, ಅದರೊಳಗೆ ನೆನೆದ ಹೆಸರುಬೇಳೆ, ಕ್ಯಾರೆಟ್ ತುರಿ, ತೆಂಗಿನ ತುರಿಗಳ ಕೋಸಂಬರಿಯನ್ನು ಒತ್ತಿ ತುಂಬಿದರೆ ಚಮಚದ ಕೆಲಸವೇ ಇಲ್ಲ. ಬೇಳೆ ಒಂದು ಗಂಟೆ ನೆನೆದರೆ ಸಾಕು. ಉಪ್ಪು, ನಿಂಬೆರಸಗಳನ್ನು ಹೊರಗೆ ಒಯ್ಯುವ ಐದು ನಿಮಿಷದ ಮೊದಲು ಹಾಕಿ, ಇಲ್ಲವಾದರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ.

ಚಟ್ನಿಯ ವಿಷಯದಲ್ಲಿ ನಮ್ಮ ಮನೆಗಳಿಗೆ ಇರುವ ನಿಜವಾದ ತೊಡಕು ರುಚಿಯದಲ್ಲ, ಎಂಜಲಿನದು. ನಡುವೆ ಒಂದು ಬಟ್ಟಲು ಚಟ್ನಿ ಇಟ್ಟು ಸುತ್ತ ತಿಂಡಿ ಜೋಡಿಸಿದ ಚಿತ್ರಗಳು ನೋಡಲು ಸೊಗಸಾಗಿರುತ್ತವೆ, ಆದರೆ ಯಾರಾದರೂ ಕಚ್ಚಿದ ಅಂಬೊಡೆಯನ್ನೇ ಎರಡನೆಯ ಸಲ ಅದ್ದಿದರೆಂದರೆ ನೋಡಿದವರು ಅತ್ತ ಕೈಹಾಕುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ನಾನು ಹುರಿಗಡಲೆ ಹೆಚ್ಚು ಹಾಕಿ ಗಟ್ಟಿಯಾಗಿ ರುಬ್ಬಿದ ಕಾಯಿಚಟ್ನಿಯನ್ನು ಅಂಗೈಯಗಲದ ಪುಟ್ಟ ದೊನ್ನೆಗಳಲ್ಲಿ ಒಂದೊಂದು ಚಮಚ ಹಾಕಿ, ಅದರಲ್ಲೇ ಎರಡು ಪಡ್ಡು ಕೂರಿಸಿಬಿಡುತ್ತೇನೆ. ಒಬ್ಬರಿಗೆ ಒಂದು ದೊನ್ನೆ. ಬಟ್ಟೆಯ ಮೇಲೆ ಸೋರುವ ಭಯವೂ ಇಲ್ಲ. ಅಂಬೊಡೆಗೆ ಚಟ್ನಿ ಬೇಕೆಂದಿಲ್ಲ. ಕಾಯಿಚಟ್ನಿಯನ್ನೂ ಕೋಸಂಬರಿಯನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅರ್ಧವನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ತೆಗೆಯಿರಿ.

ಜೋಡಣೆಗೆ ಒಂದೇ ದೊಡ್ಡ ಹರಿವಾಣಕ್ಕಿಂತ ನಾಲ್ಕು ಸಣ್ಣವು ಮೇಲು, ಹಜಾರದ ಎರಡು ಕಡೆ ಇಟ್ಟರೆ ಜನ ಒಂದೇ ಮೂಲೆಯಲ್ಲಿ ಮುತ್ತಿಕೊಳ್ಳುವುದಿಲ್ಲ. ಒಣ ತಿಂಡಿಯ ಹತ್ತಿರ ಸೌತೆಕಾಯಿ ಇಡಬೇಡಿ. ಬಾಳೆಎಲೆಯನ್ನು ಒರೆಸಿ ಹಾಸಿದರೆ ಬಿಲ್ಲೆಗಳಿಗೂ ದೊನ್ನೆಗಳಿಗೂ ಲಕ್ಷಣವಾಗಿರುತ್ತದೆ, ಆದರೆ ಬಿಸಿ ಅಂಬೊಡೆಯ ಕೆಳಗೆ ಎಲೆ ಬೆವರುತ್ತದೆ, ಅಲ್ಲಿಗೆ ಬಿದಿರಿನ ಬುಟ್ಟಿಯೇ ಸರಿ. ಖಾಲಿಯಾಗುತ್ತ ಬಂದ ತಟ್ಟೆಯ ಮೇಲೆ ಹೊಸದನ್ನು ಸುರಿಯದೆ ತಟ್ಟೆಯನ್ನೇ ಬದಲಿಸಿ. ನಿಪ್ಪಟ್ಟಿನಲ್ಲೂ ಕಡಲೆಬೀಜ ಇರುತ್ತದೆಯಾದ್ದರಿಂದ, ಅದು ಒಗ್ಗದ ಮಕ್ಕಳಿದ್ದಾರೆಯೇ ಎಂದು ಫೋನಿನಲ್ಲೇ ವಿಚಾರಿಸಿಕೊಳ್ಳಿ.

ಸಿಹಿಗೆ ಲಿಂಬೆಗಾತ್ರದ ರವೆ ಉಂಡೆ ಸಾಕು, ಶನಿವಾರವೇ ಕಟ್ಟಿಡಬಹುದು. ಕಾಫಿಯ ಡಿಕಾಕ್ಷನ್ನನ್ನು ಮಧ್ಯಾಹ್ನವೇ ಇಳಿಸಿಕೊಳ್ಳಿ; ಅಂಬೊಡೆಯ ಬಾಣಲೆ ಒಂದು ಉರಿಯನ್ನು ಹಿಡಿದಿರುವುದರಿಂದ ಹಾಲಿಗೆ ಇನ್ನೊಂದು ಉರಿ ಖಾಲಿ ಇರಬೇಕು.

ಎರಡನೆಯ ಸಲ ಕರಿಯುವ ಹೊತ್ತಿಗೆ ಎಲ್ಲರ ಹೊಟ್ಟೆ ತುಂಬಿದಂತೆ ಕಂಡರೆ ಉಳಿದ ಹಿಟ್ಟನ್ನು ಕರಿಯಲು ಹೋಗಬೇಡಿ. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಸೋಮವಾರ ಬೆಳಿಗ್ಗೆ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ಮಜ್ಜಿಗೆಹುಳಿಗೆ ಹಾಕಬಹುದು.